ಹಿರಿಯರಲ್ಲಿ ಹಿರಿಯನಾರು?

ಈ ತಿಂಗಳ ಮಾತನ್ನು ಆಟದ ಅಂಗಣದಿಂದ ಆರಂಭಿಸುತ್ತಿರುವುದಕ್ಕಾಗಿ ವಾಚಕ ಮಹಾಶಯರು ನಮ್ಮನ್ನು ಮನ್ನಿಸಬೇಕು. ತಪ್ಪು ನಮ್ಮದಲ್ಲ, ನಮ್ಮ ಮನೆಯ ಇಬ್ಬರು ಹುಡುಗರದು. ಅಮೆರಿಕದಲ್ಲಿ ರಾತ್ರಿಯ ದೀಪದ ಬೆಳಕಿನಲ್ಲಿ ನಡೆಯುವ ಬ್ಯಾಸ್ಕೆಟ್‌ಬಾಲ್ ಪಂದ್ಯಗಳು, ಭೂಮಿಯು ಉರುಟಾಗಿರುವ ಕಾರಣದಿಂದ, ನಮ್ಮ ಕಡೆಗೆ ಬೆಳಗಿನ ಜಾವದಲ್ಲಿ ಬಂದು ಮುಟ್ಟುತ್ತವೆ. ಓದಿಗೆಂದು ಮೂರು ಬಾರಿ ಕೂಗಿದರೂ ಏಳದ ಹುಡುಗರು ಈ ಆಟಕ್ಕಾಗಿ ಯಾರೂ ಕೂಗದೆಯೇ ಎದ್ದು, ಕಂಬಳಿ ಹೊದ್ದು, ಕಣ್ಣು ಮಿಟುಕಿಸದೆ ಕುಳಿತಿರುವುದನ್ನು ನಾವು ಎಷ್ಟೋ ದಿನ ಕಂಡಿದ್ದೇವೆ.

ಹೀಗಿರುವಲ್ಲಿ ಒಂದು ಬೆಳಗ್ಗೆ ಕಾಫಿಯ ಹೊತ್ತಿಗೆ ಇವರಿಬ್ಬರಿಗೂ ದೊಡ್ಡ ವಾಗ್ವಾದವಾಯಿತು. ಎಲ್ಲ ಕಾಲದ ಆಟಗಾರರಲ್ಲಿಯೂ ಶ್ರೇಷ್ಠನು ಮೈಕೇಲ್ ಜೋರ್ಡನನೆಂದು ಹಿರಿಯವನ ಪಕ್ಷ. ಅಲ್ಲ, ಲೆಬ್ರಾನ್ ಜೇಮ್ಸನೆಂದು ಕಿರಿಯವನ ಪಕ್ಷ. ಕಿರಿಯವನು ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ತನ್ನ ನಾಯಕನ ಅಂಕಗಳನ್ನೆಲ್ಲ ಬರೆದು ತಂದಿದ್ದನು. ಹಿರಿಯವನು ಬರೆಯುವ ತೊಂದರೆಯನ್ನೇ ತೆಗೆದುಕೊಳ್ಳಲಿಲ್ಲ. "ಆರು, ನಾಲ್ಕು" ಎಂದು ಎರಡೇ ಸಂಖ್ಯೆಗಳನ್ನು ಉಚ್ಚರಿಸಿ ಜಯಶಾಲಿಯಂತೆ ನಕ್ಕನು. ಜೋರ್ಡನನು ಗೆದ್ದ ಚಾಂಪಿಯನ್ ಪದವಿಗಳು ಆರು, ಜೇಮ್ಸನು ಗೆದ್ದವು ನಾಲ್ಕು ಎಂದು ಇದರ ಅರ್ಥ. ಕಡೆಗೆ ಇಬ್ಬರೂ ತೀರ್ಪಿಗಾಗಿ ನಮ್ಮಲ್ಲಿಗೆ ಬಂದರು. ನಮಗೆ ಆ ಆಟದ ಪರಿಚಯವು ಅಷ್ಟಕ್ಕಷ್ಟೆ. ಆದರೆ ಮನೆಯ ಯಜಮಾನನೆನಿಸಿಕೊಂಡವನು "ತಿಳಿಯದು" ಎನ್ನುವುದು ಹೇಗೆ? ಒಂದು ತಿಂಗಳ ವಾಯಿದೆಯನ್ನು ಕೇಳಿ, ಆ ತಿಂಗಳೆಲ್ಲ ಅದನ್ನೇ ಓದಿದೆವು. ಓದಿದಂತೆಲ್ಲ ಈ ಪ್ರಶ್ನೆಯು ಆಟಕ್ಕಿಂತ ದೊಡ್ಡದೆಂದು ತೋರಿತು. ಅದನ್ನೇ ಇಲ್ಲಿ ವಾಚಕರ ಮುಂದೆ ಇಡುತ್ತೇವೆ.

ಆಟದ ಪರಿಚಯವಿಲ್ಲದವರಿಗಾಗಿ ಮೊದಲು ಎರಡು ಮಾತು. ಇದು ಹುಟ್ಟಿದ್ದು ೧೮೯೧ರ ಡಿಸೆಂಬರಿನಲ್ಲಿ, ಅಮೆರಿಕದ ಮ್ಯಾಸಚೂಸೆಟ್ಸ್ ಪ್ರಾಂತದ ಸ್ಪ್ರಿಂಗ್‌ಫೀಲ್ಡ್ ಪಟ್ಟಣದಲ್ಲಿ. ಅಲ್ಲಿಯ ವೈ.ಎಂ.ಸಿ.ಎ. ತರಬೇತಿ ಶಾಲೆಯ ಉಪಾಧ್ಯಾಯನಾದ ಜೇಮ್ಸ್ ನೈಸ್ಮಿತ್ ಎಂಬಾತನು, ಚಳಿಗಾಲದಲ್ಲಿ ಹೊರಗೆ ಆಡಲಾಗದೆ ಬೇಸತ್ತ ವಿದ್ಯಾರ್ಥಿಗಳಿಗಾಗಿ, ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ಎತ್ತರದಲ್ಲಿ ಕಟ್ಟಿಸಿ, ಚೆಂಡನ್ನು ಅವುಗಳೊಳಕ್ಕೆ ಎಸೆಯುವ ಆಟವನ್ನು ಕಲ್ಪಿಸಿದನು. ಬುಟ್ಟಿಯು ಹೋಗಿ ಕಬ್ಬಿಣದ ಬಳೆಯು ಬಂದಿತು. ಆದರೆ ಅಂದು ನೆಲದಿಂದ ೧೦ ಅಡಿ ಎತ್ತರದಲ್ಲಿದ್ದುದು ಇಂದಿಗೂ ೧೦ ಅಡಿಯೇ. ಒಂದೊಂದು ಪಕ್ಷದಲ್ಲಿ ಐವರು ಆಡುತ್ತಾರೆ. ಹಣ ಪಡೆದು ಆಡುವ ವೃತ್ತಿಯ ಆಟಗಾರರ ಮಂಡಲಿಯೊಂದು ೧೯೪೬ರಲ್ಲಿ ಹುಟ್ಟಿ, ೧೯೪೯ರಲ್ಲಿ ಬೇರೊಂದು ಮಂಡಲಿಯೊಡನೆ ಕೂಡಿ ನ್ಯಾಷನಲ್ ಬ್ಯಾಸ್ಕೆಟ್‌ಬಾಲ್ ಅಸೋಸಿಯೇಷನ್ ಎಂಬ ಹೆಸರನ್ನು ತಳೆಯಿತು. ಈಗ ಅದರಲ್ಲಿ ೩೦ ತಂಡಗಳಿವೆ. ಪ್ರತಿಯೊಂದು ತಂಡವೂ ಋತುವಿಗೆ ೮೨ ಪಂದ್ಯಗಳನ್ನು ಆಡುವುದು. ಬಳಿಕ ಉತ್ತಮವಾದ ತಂಡಗಳು ಒಂದನ್ನೊಂದು ಕೆಡಹುತ್ತ ಬಂದು, ಉಳಿದೆರಡು ಅಂತಿಮ ಸರಣಿಯಲ್ಲಿ ಎದುರಾಗುವುವು. ಅಲ್ಲಿ ಏಳರಲ್ಲಿ ನಾಲ್ಕನ್ನು ಮೊದಲು ಗೆದ್ದವರಿಗೆ ಆ ವರ್ಷದ ಚಾಂಪಿಯನ್ ಪದವಿ.

ಇನ್ನು ಪ್ರಕೃತಕ್ಕೆ ಬರೋಣ. ಜೋರ್ಡನನೂ ಜೇಮ್ಸನೂ ಒಬ್ಬರನ್ನೊಬ್ಬರು ತಮ್ಮ ಪ್ರಾಯದಲ್ಲಿ ಎದುರಿಸಿದವರಲ್ಲ. ಒಬ್ಬನು ೨೦೦೩ರಲ್ಲಿ ಆಟವನ್ನು ಬಿಟ್ಟನು. ಇನ್ನೊಬ್ಬನು ಅದೇ ವರ್ಷ ಪ್ರವೇಶಿಸಿದನು. ಹೀಗೆ ಎಂದೂ ಎದುರಾಗದವರನ್ನು ತೂಗುವುದು ಕಷ್ಟವಷ್ಟೆ. ಆದಕಾರಣ ನಾವು ಮೊದಲು, ಹತ್ತು ವರ್ಷಗಳ ಕಾಲ ಮುಖಾಮುಖಿಯಾಗಿ ಹೋರಾಡಿದ ಇಬ್ಬರ ಕಥೆಯನ್ನು ತೆಗೆದುಕೊಂಡೆವು. ಅವರನ್ನಾದರೂ ತೂಗಲು ಬರುವುದೋ ನೋಡೋಣವೆಂದು ನಮ್ಮ ಎಣಿಕೆ.

ಅವರಲ್ಲಿ ಒಬ್ಬನು ಬಿಲ್ ರಸೆಲ್. ೧೯೩೪ರಲ್ಲಿ ಲೂಸಿಯಾನಾ ಪ್ರಾಂತದ ಮನ್ರೋ ಎಂಬಲ್ಲಿ ಹುಟ್ಟಿದವನು. ಇನ್ನೊಬ್ಬನು ವಿಲ್ಟ್ ಚೇಂಬರ್ಲೇನ್. ೧೯೩೬ರಲ್ಲಿ ಫಿಲಡೆಲ್ಫಿಯಾ ನಗರದಲ್ಲಿ ಹುಟ್ಟಿದವನು. ಇಬ್ಬರೂ ನೀಗ್ರೋ ಕುಲದವರೆಂದು ಅಂದಿನ ಅಮೆರಿಕವು ಬೇರೆಯಾಗಿಟ್ಟಿದ್ದ ಕಪ್ಪು ಜನರ ಮಕ್ಕಳು. ಚೇಂಬರ್ಲೇನನ ಎತ್ತರವು ೭ ಅಡಿ ೧ ಅಂಗುಲ. ಆತನು ಮಾಡಿದುದನ್ನು ಲೆಕ್ಕ ಬರೆಯುವವರ ಲೇಖನಿಯೇ ನಂಬಲಾರದೆಂದು ತೋರುತ್ತದೆ. ೧೯೬೨ರ ಮಾರ್ಚ್ ೨ರಂದು, ಪೆನ್ಸಿಲ್ವೇನಿಯಾದ ಹರ್ಷಿ ಎಂಬ ಊರಿನಲ್ಲಿ, ನ್ಯೂಯಾರ್ಕ್ ತಂಡದ ಎದುರು ಆತನೊಬ್ಬನೇ ೧೦೦ ಅಂಕಗಳನ್ನು ಗಳಿಸಿದನು. ಅದನ್ನು ಕಂಡ ಪ್ರೇಕ್ಷಕರು ನಾಲ್ಕು ಸಾವಿರದಷ್ಟು ಮಂದಿ. ಚಲಚ್ಚಿತ್ರವಾಗಿ ಅದನ್ನು ಹಿಡಿದಿಟ್ಟವರು ಯಾರೂ ಇಲ್ಲ. ಇಂದಿಗೂ ಆ ಸಂಖ್ಯೆಯನ್ನು ಯಾರೂ ಮುಟ್ಟಿಲ್ಲ. ಆ ಋತುವಿನಲ್ಲಿ ಆತನ ಸರಾಸರಿಯು ಪಂದ್ಯಕ್ಕೆ ೫೦.೪ ಅಂಕ. ಪಂದ್ಯದ ಅವಧಿಯು ೪೮ ನಿಮಿಷವಾದರೂ ಆತನು ಆಡಿದ ಸರಾಸರಿ ಕಾಲವು ೪೮.೫ ನಿಮಿಷ. ಸಮನಾದ ಪಂದ್ಯಗಳಲ್ಲಿ ಕೂಡಿಸಿಕೊಟ್ಟ ಹೆಚ್ಚಿನ ಅವಧಿಯಲ್ಲಿಯೂ ಆತನು ವಿಶ್ರಮಿಸಲಿಲ್ಲವೆಂಬುದೇ ಇದರ ರಹಸ್ಯ. ಗುರಿ ತಪ್ಪಿ ಪುಟಿದ ಚೆಂಡನ್ನು ಹಿಡಿಯುವುದಕ್ಕೆ ರಿಬೌಂಡ್ ಎಂದು ಹೆಸರು; ೧೯೬೦ರಲ್ಲಿ ಒಂದೇ ಪಂದ್ಯದಲ್ಲಿ ೫೫ ರಿಬೌಂಡುಗಳನ್ನು ಹಿಡಿದವನೂ ಈತನೇ. ಅದೂ ಯಾರ ಎದುರು? ರಸೆಲನ ಎದುರು.

ರಸೆಲನ ಲೆಕ್ಕವೋ, ಅಂಕಗಳ ಮಟ್ಟಿಗೆ ನೋಡಿದರೆ ಸಾಧಾರಣವಾದುದು: ಪಂದ್ಯಕ್ಕೆ ೧೫.೧. ಆತನು ಚೆಂಡನ್ನು ಬುಟ್ಟಿಗೆ ಹಾಕುವುದಕ್ಕಿಂತ ಇತರರು ಹಾಕದಂತೆ ನೋಡಿಕೊಳ್ಳುವುದರಲ್ಲಿ ನಿಪುಣ. ಎದುರಾಳಿಯು ಎಸೆದ ಚೆಂಡನ್ನು ಬಡಿದು ಪ್ರೇಕ್ಷಕರ ಕಡೆಗೆ ಅಟ್ಟಿದರೆ ಚಪ್ಪಾಳೆ ದೊರೆಯುವುದು. ಆದರೆ ಚೆಂಡು ಮರಳಿ ಎದುರಾಳಿಗೇ ಸೇರುವುದು. ರಸೆಲನು ಹಾಗೆ ಮಾಡದೆ, ಚೆಂಡನ್ನು ತಡೆದು ತನ್ನವರ ಕೈಗೆ ಬೀಳುವಂತೆ ಮೆಲ್ಲನೆ ತಟ್ಟುತ್ತಿದ್ದನು. ಇಂಥ ಎಷ್ಟು ಚೆಂಡುಗಳನ್ನು ಆತನು ತಡೆದನೆಂಬುದಕ್ಕೆ ಲೆಕ್ಕವೇ ಇಲ್ಲ. ಏಕೆಂದರೆ ಆ ಮಂಡಲಿಯು ಅದನ್ನು ಎಣಿಸಲಾರಂಭಿಸಿದ್ದು ೧೯೭೩ರಲ್ಲಿ, ರಸೆಲನು ನಿವೃತ್ತನಾಗಿ ನಾಲ್ಕು ವರ್ಷಗಳಾದ ಮೇಲೆ. ಒಬ್ಬನು ಯಾವುದರಲ್ಲಿ ಎಲ್ಲರಿಗಿಂತ ಮೇಲಾಗಿದ್ದನೋ ಅದನ್ನೇ ಯಾರೂ ಬರೆದಿಡದೆ ಹೋದರು. ಮನೆಯಲ್ಲಿ ಸದ್ದಿಲ್ಲದೆ ದುಡಿಯುವವರಿಗೆ ಈ ಮಾತು ಹೊಸದಾಗಿ ತೋರದು.

ಇನ್ನು ಫಲವನ್ನು ನೋಡೋಣ. ೧೯೫೯ರಿಂದ ೧೯೬೯ರ ವರೆಗಿನ ಹತ್ತು ಋತುಗಳಲ್ಲಿ ಇವರಿಬ್ಬರೂ ಆಡುತ್ತಿದ್ದರು. ಆ ಹತ್ತರಲ್ಲಿ ರಸೆಲನ ಬಾಸ್ಟನ್ ತಂಡವು ಚಾಂಪಿಯನ್ ಆದುದು ಒಂಬತ್ತು ಬಾರಿ. ಉಳಿದ ಒಂದು ಬಾರಿ, ೧೯೬೭ರಲ್ಲಿ, ಚೇಂಬರ್ಲೇನನ ಫಿಲಡೆಲ್ಫಿಯಾ ತಂಡವು ಗೆದ್ದಿತು. ಒಟ್ಟಿನಲ್ಲಿ ರಸೆಲನು ೧೩ ವರ್ಷ ಆಡಿ ೧೧ ಬಾರಿ ಗೆದ್ದನು. ಅದರಲ್ಲಿ ಎಂಟು ಎಡೆಬಿಡದೆ, ೧೯೫೯ರಿಂದ ೧೯೬೬ರ ವರೆಗೆ. ಕೊನೆಯ ಎರಡು ಗೆಲವುಗಳ ಕಾಲಕ್ಕೆ ತಂಡದ ತರಬೇತುಗಾರನೂ ಆತನೇ ಆಗಿದ್ದನು. ಆ ಮಂಡಲಿಯಲ್ಲಿ ಅಂಥ ಮುಖ್ಯ ಪದವಿಯನ್ನು ಪಡೆದ ಕಪ್ಪು ಜನರಲ್ಲಿ ಆತನೇ ಮೊದಲಿಗನು.

ಹಾಗಾದರೆ ರಸೆಲನೇ ಮೇಲೆಂದು ತೀರ್ಮಾನಿಸೋಣವೆ? ಚೇಂಬರ್ಲೇನನ ಪಕ್ಷದವರು ಸುಮ್ಮನಿರುವರೆ? "ಆಡುವವರು ಐವರು, ಗೆಲವನ್ನು ಒಬ್ಬನ ಹೆಸರಿಗೆ ಬರೆಯುವುದು ಯಾವ ನ್ಯಾಯ? ಬಾಸ್ಟನ್ನಿನಲ್ಲಿ ರಸೆಲನ ಅಕ್ಕಪಕ್ಕದಲ್ಲಿ ಬಾಬ್ ಕೂಸಿ, ಸ್ಯಾಮ್ ಜೋನ್ಸ್, ಜಾನ್ ಹಾವ್ಲಿಚೆಕ್‌ರಂಥ ಘಟಾನುಘಟಿಗಳಿದ್ದರು, ರೆಡ್ ಅವರ್‌ಬಾಕ್‌ನಂಥ ಗುರುವಿದ್ದನು" ಎಂದು ಅವರು ಹೇಳುತ್ತಾರೆ. ಈ ಮಾತಿನಲ್ಲಿ ಸತ್ಯವುಂಟು. ಆದರೆ ಇನ್ನೊಂದು ಸತ್ಯವೂ ಉಂಟು. ಆ ಕಾಲದಲ್ಲಿ ವರ್ಷದ ಅತ್ಯಮೂಲ್ಯ ಆಟಗಾರನಾರೆಂಬುದನ್ನು ಆಟಗಾರರೇ ಮತವಿತ್ತು ನಿರ್ಣಯಿಸುತ್ತಿದ್ದರು. ಚೇಂಬರ್ಲೇನನು ಪಂದ್ಯಕ್ಕೆ ೫೦ ಅಂಕಗಳನ್ನು ಗಳಿಸಿದ ಆ ೧೯೬೨ನೆಯ ವರ್ಷದಲ್ಲಿಯೂ ಆಟಗಾರರ ಮತವು ಹೋದುದು ರಸೆಲನಿಗೆ! ಪ್ರತಿದಿನವೂ ಇಬ್ಬರನ್ನೂ ಮೈಮುಟ್ಟಿ ಎದುರಿಸಿದವರ ಅಭಿಪ್ರಾಯವಿದು. ಇದನ್ನು ಲಘುವಾಗಿ ತಳ್ಳುವಂತಿಲ್ಲ.

ಇಷ್ಟರ ವರೆಗೆ ಲೆಕ್ಕದ ಮಾತಾಯಿತು. ಆದರೆ ನಮ್ಮ ಮನಸ್ಸನ್ನು ಹಿಡಿದುದು ಲೆಕ್ಕವಲ್ಲ. ಈ ಇಬ್ಬರೂ ಅಂಗಣದಲ್ಲಿ ಎದುರಾಳಿಗಳಾಗಿದ್ದರೂ ಹೊರಗೆ ಆಪ್ತಮಿತ್ರರಾಗಿದ್ದರು. ಅಮೆರಿಕದವರು ನವೆಂಬರ್ ತಿಂಗಳಲ್ಲಿ ಥ್ಯಾಂಕ್ಸ್‌ಗಿವಿಂಗ್ ಎಂಬ ಹಬ್ಬವನ್ನು ಆಚರಿಸುತ್ತಾರೆ. ನಮ್ಮ ಸುಗ್ಗಿಯ ಹಬ್ಬದಂತೆ ಅದೂ ಮನೆಮಂದಿಯೆಲ್ಲ ಕೂಡಿ ಉಣ್ಣುವ ದಿನ. ಆ ಹಬ್ಬಕ್ಕೆ ಫಿಲಡೆಲ್ಫಿಯಾಕ್ಕೆ ಆಡಲು ಬಂದ ರಸೆಲನು ಚೇಂಬರ್ಲೇನನ ತಾಯಿಯ ಮನೆಯಲ್ಲಿ ಉಂಡುದುಂಟು. ಹಗಲು ಒಂದೇ ಮೇಜಿನಲ್ಲಿ ಉಂಡವರು ರಾತ್ರಿ ಒಂದೇ ಚೆಂಡಿಗಾಗಿ ಹೋರಾಡಿದರು. ಹಣದ ವಿಚಾರದಲ್ಲಿಯೂ ಅವರ ಸ್ಪರ್ಧೆಯು ವಿನೋದಕರವಾದುದು. ೧೯೬೫ರಲ್ಲಿ ಚೇಂಬರ್ಲೇನನಿಗೆ ವರ್ಷಕ್ಕೆ ಒಂದು ಲಕ್ಷ ಡಾಲರ್ ವೇತನವು ಗೊತ್ತಾಯಿತು. ಬಳಿಕ ರಸೆಲನಿಗೆ ಗೊತ್ತಾದ ವೇತನವು ಒಂದು ಲಕ್ಷದ ಒಂದು ಡಾಲರ್!

ಈ ಸ್ನೇಹವು ಮುರಿದುದು ೧೯೬೯ರಲ್ಲಿ. ಆ ವರ್ಷದ ಅಂತಿಮ ಸರಣಿಯಲ್ಲಿ ಬಾಸ್ಟನ್ ತಂಡವೂ, ಚೇಂಬರ್ಲೇನನು ಆಗ ಸೇರಿದ್ದ ಲಾಸ್ ಏಂಜಲೀಸ್ ತಂಡವೂ ಎದುರಾಗಿ, ತಲಾ ಮೂರು ಪಂದ್ಯಗಳನ್ನು ಗೆದ್ದಿದ್ದುವು. ಏಳನೆಯದು ಲಾಸ್ ಏಂಜಲೀಸಿನಲ್ಲಿ. ಅಲ್ಲಿಯ ತಂಡದ ಒಡೆಯನು ಗೆಲವು ತಮ್ಮದೇ ಎಂಬ ನಂಬಿಕೆಯಿಂದ ಚಾವಣಿಯ ತುಂಬ ಬಣ್ಣದ ಬೆಲೂನುಗಳನ್ನು ಕಟ್ಟಿಸಿದ್ದನು. ಪಂದ್ಯದ ಕೊನೆಯ ಭಾಗದಲ್ಲಿ ಚೇಂಬರ್ಲೇನನು ಮೊಣಕಾಲಿಗೆ ಪೆಟ್ಟಾಗಿ ಹೊರಗೆ ಹೋದನು. ಮತ್ತೆ ಆಡುವೆನೆಂದಾಗ ಆತನ ತರಬೇತುಗಾರನು ಒಳಕ್ಕೆ ಕಳುಹಿಸಲಿಲ್ಲ. ಬಾಸ್ಟನ್ ತಂಡವು ೧೦೮ಕ್ಕೆ ೧೦೬ರಂತೆ, ಎರಡೇ ಅಂಕಗಳಿಂದ ಗೆದ್ದಿತು. ಬೆಲೂನುಗಳು ಕಟ್ಟಿದಲ್ಲೇ ಉಳಿದುವು. ರಸೆಲನು ಅಲ್ಲಿಗೆ ಆಟದಿಂದ ನಿವೃತ್ತನಾದನು. ಅಷ್ಟರಲ್ಲಿಯೇ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಕೆಲವು ದಿನಗಳ ಮೇಲೆ ವಿದ್ಯಾರ್ಥಿಗಳ ಮುಂದೆ ಮಾತನಾಡುತ್ತ, ಅಂಥ ಪಂದ್ಯದಿಂದ ಚೇಂಬರ್ಲೇನನು ಹೊರಗೆ ಹೋದುದು ಸರಿಯಲ್ಲ, ತಾನಾಗಿದ್ದರೆ ಹೋಗುತ್ತಿರಲಿಲ್ಲವೆಂಬ ಅರ್ಥದಲ್ಲಿ ರಸೆಲನು ಹಳಿದನು. ಮಾತು ಪತ್ರಿಕೆಗಳಿಗೆ ಮುಟ್ಟಿತು. ಹತ್ತು ವರ್ಷಗಳಿಂದ "ನೀನು ರಸೆಲನಿಗೆ ಸಮನಲ್ಲ" ಎಂಬುದನ್ನು ಊರೆಲ್ಲರ ಬಾಯಿಂದ ಕೇಳಿದ್ದ ಚೇಂಬರ್ಲೇನನು ಅದೇ ಮಾತನ್ನು ಗೆಳೆಯನ ಬಾಯಿಂದ ಕೇಳಬೇಕಾಯಿತು. ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಅವರಿಬ್ಬರಿಗೂ ಮಾತಿಲ್ಲ.

ಕಡೆಗೆ ರಸೆಲನು ತನ್ನದು ತಪ್ಪೆಂದು ಒಪ್ಪಿ ಕ್ಷಮೆ ಕೇಳಿದನು. ಗೆಳೆತನವು ಮರಳಿತು. ೧೯೯೯ರಲ್ಲಿ ಚೇಂಬರ್ಲೇನನು ತೀರಿಕೊಂಡಾಗ, ಆತನ ಸ್ಮರಣೆಗಾಗಿ ಕೂಡಿದವರ ಮುಂದೆ ನಿಂತು ಮಾತನಾಡಿದವರಲ್ಲಿ ರಸೆಲನೂ ಒಬ್ಬನು. ಇನ್ನಿಬ್ಬರು ಒಟ್ಟಿಗೆ ಉಣ್ಣಬಹುದಾಗಿದ್ದ ಇಪ್ಪತ್ತು ಹಬ್ಬಗಳು ಮಾತ್ರ ಮರಳಲಿಲ್ಲ. ಯಾರು ಹೆಚ್ಚು ಎಂಬ ಪ್ರಶ್ನೆಯು ಕೇವಲ ಹುಡುಗರ ಕಾಲಕ್ಷೇಪವಲ್ಲವೆಂಬುದು ಇಲ್ಲಿ ನಮಗೆ ಹೊಳೆಯಿತು. ಹೋಲಿಸುವವರು ಹೋಲಿಸಿ ಹೋಗುತ್ತಾರೆ. ಹೋಲಿಕೆಗೆ ಒಳಗಾದವರು ಅದರ ಬೆಲೆಯನ್ನು ತೆರುತ್ತಾರೆ.

ಅದಿರಲಿ, ಮುಖಾಮುಖಿಯಾದವರ ತೂಕವೇ ಇಷ್ಟು ತೊಡಕಿನದಾದರೆ, ಬೇರೆ ಬೇರೆ ಕಾಲದವರದು ಎಂತಿರಬೇಕು! ರಸೆಲನು ಪ್ರವೇಶಿಸಿದಾಗ ಮಂಡಲಿಯಲ್ಲಿ ಇದ್ದ ತಂಡಗಳು ಎಂಟೇ ಎಂಟು. ತಂಡಗಳು ಕಡಮೆಯಾದರೆ ಕಿರೀಟವು ಸುಲಭವೆಂದು ಒಬ್ಬನು ಹೇಳಬಹುದು. ತಂಡಗಳು ಕಡಮೆಯಾದರೆ ಒಂದೊಂದರಲ್ಲಿಯೂ ಆರಿಸಿದ ಆಳುಗಳೇ ಇರುವರಾದ್ದರಿಂದ ಗೆಲವು ಕಠಿನವೆಂದು ಇನ್ನೊಬ್ಬನು ಹೇಳಬಹುದು. ಎರಡೂ ಸರಿಯೇ. ದೂರದಿಂದ ಎಸೆದು ಹಾಕಿದ ಚೆಂಡಿಗೆ ಎರಡರ ಬದಲು ಮೂರು ಅಂಕಗಳೆಂಬ ನಿಯಮವು ಬಂದುದು ೧೯೭೯ರಲ್ಲಿ. ಅದಕ್ಕೆ ಹಿಂದಿನವರು ದೂರದಿಂದ ಎಷ್ಟು ಚೆನ್ನಾಗಿ ಎಸೆದರೂ ಅವರಿಗೆ ಸಂದುದು ಎರಡೇ. ನಾವು ಸೇರಿನಲ್ಲಿ ಅಳೆದ ಅಕ್ಕಿಯನ್ನೂ ಕಿಲೋವಿನಲ್ಲಿ ತೂಗಿದ ಅಕ್ಕಿಯನ್ನೂ ಸಂಖ್ಯೆಯಿಂದಲೇ ಹೋಲಿಸುವೆವೆ?

ಕರೀಮ್ ಅಬ್ದುಲ್ ಜಬ್ಬಾರನ ವಿಚಾರವನ್ನೇ ನೋಡಿರಿ. ಈತನು ೧೯೬೯ರಿಂದ ೧೯೮೯ರ ವರೆಗೆ ೨೦ ಋತುಗಳಲ್ಲಿ ೧,೫೬೦ ಪಂದ್ಯಗಳನ್ನು ಆಡಿ, ೩೮,೩೮೭ ಅಂಕಗಳನ್ನು ಗಳಿಸಿದನು. ಆರು ಬಾರಿ ಚಾಂಪಿಯನ್. ಆರು ಬಾರಿ ಅತ್ಯಮೂಲ್ಯ ಆಟಗಾರ. ಈ ಎರಡನೆಯ ಆರನ್ನು ಬೇರೆ ಯಾರೂ ಮುಟ್ಟಿಲ್ಲ. ತೋಳನ್ನು ಪೂರ್ತಿಯಾಗಿ ಮೇಲೆ ಚಾಚಿ, ಕೊಕ್ಕೆಯಂತೆ ಬಳುಕಿಸಿ, ಆಕಾಶದಿಂದ ಇಳಿಬಿಟ್ಟಂತೆ ಚೆಂಡನ್ನು ಎಸೆಯುವ ಒಂದು ಬಗೆಯನ್ನು ಆತನು ಸಾಧಿಸಿದ್ದನು. ಅದನ್ನು ತಡೆಯುವ ಉಪಾಯವು ಯಾರಿಗೂ ಸರಿಯಾಗಿ ಸಿಕ್ಕಲಿಲ್ಲ. ಮೂರು ಅಂಕಗಳ ಎಸೆತಗಳಲ್ಲಿ ಆತನಿಗೆ ಜೀವಮಾನದಲ್ಲಿ ಕೂಡಿಬಂದುದು ಒಂದೇ ಒಂದು.

ಆತನ ಅಂಕಗಳ ದಾಖಲೆಯು ೧೯೮೪ರಿಂದ ೩೯ ವರ್ಷ ನಿಂತಿತು. ೨೦೨೩ರ ಫೆಬ್ರವರಿ ೭ರಂದು ಲೆಬ್ರಾನ್ ಜೇಮ್ಸನು ಅದನ್ನು ದಾಟಿದನು. ಅದು ಆತನ ೧,೪೧೦ನೆಯ ಪಂದ್ಯ. ಆದರೆ ಜಬ್ಬಾರನು ನಾಲ್ಕು ವರ್ಷ ಕಾಲೇಜಿನಲ್ಲಿದ್ದು ಬಂದವನು. ಜೇಮ್ಸನು ಪ್ರೌಢಶಾಲೆಯಿಂದ ನೆಟ್ಟಗೆ ವೃತ್ತಿಗೆ ಇಳಿದವನು. ಜೇಮ್ಸನ ಮೂರು ಅಂಕಗಳ ಎಸೆತಗಳು ಎರಡು ಸಾವಿರವನ್ನು ಮೀರಿದ್ದುವು. ಇಷ್ಟಾದರೂ ಆ ರಾತ್ರಿ, ಆಟವನ್ನು ನಿಲ್ಲಿಸಿದಾಗ, ಎಪ್ಪತ್ತೈದು ವರ್ಷದ ಜಬ್ಬಾರನು ತಾನೇ ಅಂಗಣಕ್ಕೆ ಇಳಿದು ಬಂದು, ಚೆಂಡನ್ನು ಎತ್ತಿ ಹಿಡಿದು ಜೇಮ್ಸನ ಕೈಗಿತ್ತನು. ಲೆಕ್ಕವನ್ನು ತೂಗಿ ನೋಡುವ ಹಕ್ಕು ಯಾರಿಗಾದರೂ ಇದ್ದರೆ ಅದು ಆತನಿಗೆ. ಆತನು ಚೆಂಡನ್ನು ಕೊಟ್ಟು ಬಂದನು.

ಈಗ ನಮ್ಮ ಹುಡುಗರ ವ್ಯಾಜ್ಯಕ್ಕೆ ಬರೋಣ. ಜೋರ್ಡನನ ಪಕ್ಷವು ಬಲವಾದುದೇ. ೧೯೬೩ರಲ್ಲಿ ಹುಟ್ಟಿದ ಆತನು ಶಿಕಾಗೋ ತಂಡದಲ್ಲಿದ್ದು ಆರು ಬಾರಿ ಅಂತಿಮ ಸರಣಿಯನ್ನು ಮುಟ್ಟಿ, ಆರನ್ನೂ ಗೆದ್ದನು. ಆರರಲ್ಲಿಯೂ ಸರಣಿಯ ಅತ್ಯುತ್ತಮನೆಂಬ ಪ್ರಶಸ್ತಿಯು ಆತನಿಗೇ ದೊರೆಯಿತು. ಹತ್ತು ಋತುಗಳಲ್ಲಿ ಅಂಕಗಳ ಸರಾಸರಿಯಲ್ಲಿ ಎಲ್ಲರಿಗೂ ಮೊದಲಿಗನು. ೧,೦೭೨ ಪಂದ್ಯಗಳಲ್ಲಿ ೩೨,೨೯೨ ಅಂಕಗಳು. ಎಂದರೆ ಪಂದ್ಯಕ್ಕೆ ೩೦.೧೨. ಈ ಸರಾಸರಿಯನ್ನು ಮೀರಿದವರಿಲ್ಲ; ಚೇಂಬರ್ಲೇನನದು ೩೦.೦೭. ಇಷ್ಟೇ ಅಲ್ಲ, ೧೯೮೮ರಲ್ಲಿ ಅತ್ಯುತ್ತಮ ರಕ್ಷಕನೆಂಬ ಪ್ರಶಸ್ತಿಯೂ ಆತನಿಗೆ ಸಂದಿತು. ತಂದೆಯು ಕೊಲೆಯಾದ ವರ್ಷದಲ್ಲಿ, ೧೯೯೩ರ ಅಕ್ಟೋಬರಿನಲ್ಲಿ, ಆಟವನ್ನೇ ತೊರೆದು ಬೇಸ್‌ಬಾಲ್ ಆಡಲು ಹೋಗಿ, ೧೯೯೫ರಲ್ಲಿ ಮರಳಿ, ಮತ್ತೆ ಮೂರು ವರ್ಷ ಒಂದೇ ಸಮನೆ ಗೆದ್ದ ಛಲವು ಬೇರೆ.

ಜೇಮ್ಸನ ಪಕ್ಷವೂ ಸೊರಗಿದುದಲ್ಲ. ೧೯೮೪ರಲ್ಲಿ ಒಹಾಯೋ ಪ್ರಾಂತದ ಆಕ್ರನ್ ಪಟ್ಟಣದಲ್ಲಿ ಹುಟ್ಟಿದ ಆತನು, ಮೂರು ಬೇರೆ ಬೇರೆ ಊರಿನ ತಂಡಗಳಿಗೆ ನಾಲ್ಕು ಬಾರಿ ಗೆಲವನ್ನು ತಂದನು. ೨೦೨೪ರ ಮಾರ್ಚ್ ೨ರಂದು ೪೦,೦೦೦ ಅಂಕಗಳನ್ನು ಮುಟ್ಟಿದನು. ಆ ಸಂಖ್ಯೆಯನ್ನು ಕಂಡ ಮೊದಲಿಗನು ಆತನೇ. ೨೦೨೪ರ ಅಕ್ಟೋಬರಿನಲ್ಲಿ ತನ್ನ ಮಗನೊಡನೆ ಒಂದೇ ತಂಡದಲ್ಲಿ ಆಡಿದನು; ೨೦೨೫ರಲ್ಲಿ ೨೩ನೆಯ ಋತುವಿಗೆ ಕಾಲಿಟ್ಟನು. ಅಷ್ಟು ಋತುಗಳನ್ನು ಆತನಿಗಿಂತ ಮುಂಚೆ ಯಾರೂ ಕಂಡಿರಲಿಲ್ಲ. ೨೦೧೬ರ ಅಂತಿಮ ಸರಣಿಯಲ್ಲಿ, ಆ ಋತುವಿನ ೮೨ರಲ್ಲಿ ೭೩ ಪಂದ್ಯಗಳನ್ನು ಗೆದ್ದಿದ್ದ ತಂಡದ ಎದುರು ಒಂದಕ್ಕೆ ಮೂರರಂತೆ ಹಿಂದೆ ಬಿದ್ದಿದ್ದು, ಉಳಿದ ಮೂರನ್ನೂ ಗೆದ್ದು, ೧೯೬೪ರಿಂದ ಯಾವ ದೊಡ್ಡ ಆಟದಲ್ಲಿಯೂ ಗೆಲವನ್ನು ಕಾಣದ ಕ್ಲೀವ್‌ಲೆಂಡ್ ನಗರಕ್ಕೆ ಕಿರೀಟವನ್ನು ತಂದನು.

"ಆದರೇನು? ಆತನು ಹತ್ತು ಬಾರಿ ಅಂತಿಮ ಸರಣಿಗೆ ಹೋಗಿ ಆರು ಬಾರಿ ಸೋತನು; ಜೋರ್ಡನನು ಒಮ್ಮೆಯೂ ಸೋಲಲಿಲ್ಲ" ಎಂದು ನಮ್ಮ ಹಿರಿಯವನ ಬ್ರಹ್ಮಾಸ್ತ್ರ. ಇದನ್ನು ಸ್ವಲ್ಪ ವಿಚಾರಿಸಿ ನೋಡಬೇಕು. ಜೋರ್ಡನನೂ ಸೋತವನೇ. ಆತನ ಮೊದಲ ಆರು ಋತುಗಳಲ್ಲಿ ಅಂತಿಮ ಸರಣಿಯ ಬಾಗಿಲನ್ನೇ ಕಾಣಲಿಲ್ಲ. ೧೯೮೮, ೧೯೮೯, ೧೯೯೦ ಈ ಮೂರು ವರ್ಷಗಳಲ್ಲಿಯೂ ಡೆಟ್ರಾಯ್ಟ್ ತಂಡವು ಆತನನ್ನು ನಡುದಾರಿಯಲ್ಲಿ ಕೆಡಹಿತು. ಹೊಸ್ತಿಲ ವರೆಗೆ ಬಂದು ಎಡವಿದವನನ್ನು, ಬೀದಿಯಲ್ಲಿಯೇ ಎಡವಿದವನಿಗಿಂತ ಕೀಳೆಂದು ಎಣಿಸುವುದು ಯಾವ ತರ್ಕ? ಸೋಲು ಎಲ್ಲಿ ಬಂದರೂ ಸೋಲೇ. ಆದುದರಿಂದ ಈ ವಾದದಲ್ಲಿ ಹುರುಳು ಕಡಮೆ.

ಇನ್ನು ಕಿರೀಟಗಳನ್ನೇ ಎಣಿಸುವುದಾದರೆ, ರಾಬರ್ಟ್ ಹೋರಿ ಎಂಬಾತನು ಮೂರು ತಂಡಗಳಲ್ಲಿ ಸೇರಿ ಏಳು ಬಾರಿ ಗೆದ್ದಿದ್ದಾನೆ. ಜೋರ್ಡನನಿಗಿಂತ ಒಂದು ಹೆಚ್ಚು. ಕಠಿನ ಗಳಿಗೆಯಲ್ಲಿ ಕೈಕೊಡದ ಆಟಗಾರನೆಂದು ಆತನಿಗೆ ಹೆಸರುಂಟು. ಆದರೆ ವರ್ಷಕ್ಕೊಮ್ಮೆ ಆರಿಸುವ ಉತ್ತಮರ ತಂಡದಲ್ಲಿ ಆತನಿಗೆ ಒಮ್ಮೆಯೂ ಸ್ಥಾನವು ದೊರೆಯಲಿಲ್ಲ. ಆತನನ್ನು ಜೋರ್ಡನನಿಗೆ ಮೇಲೆಂದು ಹೇಳುವವರಾರು? ಇತ್ತ ಜಾನ್ ಸ್ಟಾಕ್ಟನ್ ಎಂಬಾತನು ಯೂಟಾ ತಂಡವೊಂದರಲ್ಲಿಯೇ ೧೯ ಋತುಗಳನ್ನು ಕಳೆದು, ತನ್ನ ಜೊತೆಗಾರರು ಅಂಕ ಗಳಿಸುವಂತೆ ೧೫,೮೦೬ ಬಾರಿ ಚೆಂಡನ್ನು ಒದಗಿಸಿದನು. ಇತರರಿಗೆ ಬಡಿಸಿದವರಲ್ಲಿ ಆತನಷ್ಟು ಬಡಿಸಿದವನು ಇನ್ನೊಬ್ಬನಿಲ್ಲ. ಕಿರೀಟ ಮಾತ್ರ ಒಂದೂ ಇಲ್ಲ. ೧೯೯೭ರಲ್ಲಿಯೂ ೧೯೯೮ರಲ್ಲಿಯೂ ಜೋರ್ಡನನು ಅಡ್ಡ ನಿಂತನು. ಜೆರ್ರಿ ವೆಸ್ಟನು ಒಂಬತ್ತು ಬಾರಿ ಅಂತಿಮ ಸರಣಿಗೆ ಹೋಗಿ ಒಮ್ಮೆ ಮಾತ್ರ ಗೆದ್ದನು. ೧೯೬೯ರಲ್ಲಿ, ಆ ಬೆಲೂನುಗಳ ವರ್ಷದಲ್ಲಿ, ಸೋತ ತಂಡದವನಾದರೂ ಸರಣಿಯ ಅತ್ಯುತ್ತಮ ಆಟಗಾರನೆಂಬ ಗೌರವವು ಆತನಿಗೆ ಸಂದಿತು. ಆ ಪ್ರಶಸ್ತಿಯನ್ನು ಕೊಟ್ಟುದು ಅದೇ ಮೊದಲು. ಸೋತವನಿಗೆ ಅದು ದೊರೆತುದು ಅದೊಂದೇ ಬಾರಿ.

ಮನೆಯ ಹೆಣ್ಣುಮಕ್ಕಳು ಈ ವಾದವನ್ನೆಲ್ಲ ಕೇಳುತ್ತಿದ್ದು, "ನಿಮ್ಮ ಪಟ್ಟಿಯಲ್ಲಿ ಹೆಂಗಸರು ಒಬ್ಬರೂ ಇಲ್ಲವೆ?" ಎಂದು ಕೇಳಿದರು. ಪ್ರಶ್ನೆಯು ನ್ಯಾಯವಾದುದು. ಸಿಂಥಿಯಾ ಕೂಪರ್ ಎಂಬಾಕೆಯು ಜೋರ್ಡನನು ಹುಟ್ಟಿದ ೧೯೬೩ರಲ್ಲಿಯೇ, ಆತನಿಗಿಂತ ಎರಡು ತಿಂಗಳು ತಡವಾಗಿ ಹುಟ್ಟಿದಳು. ಜೋರ್ಡನನಿಗೆ ೨೧ನೆಯ ವಯಸ್ಸಿನಲ್ಲಿ ದೊಡ್ಡ ಮಂಡಲಿಯ ಬಾಗಿಲು ತೆರೆಯಿತು. ಸ್ತ್ರೀಯರಿಗಾಗಿ ಅದೇ ಮಂಡಲಿಯು ಪಂದ್ಯಾವಳಿಯನ್ನು ಆರಂಭಿಸಿದ್ದು ೧೯೯೭ರಲ್ಲಿ. ಆಗ ಕೂಪರಳಿಗೆ ೩೪ ವರ್ಷ. ಅಷ್ಟು ಕಾಲ ಆಕೆಯು ಸ್ಪೇನ್, ಇಟಲಿ ದೇಶಗಳಲ್ಲಿ ಆಡುತ್ತಿದ್ದಳು. ಬಾಗಿಲು ತೆರೆದೊಡನೆ ಹೂಸ್ಟನ್ ತಂಡವನ್ನು ಸೇರಿ, ೧೯೯೭ರಿಂದ ೨೦೦೦ದ ವರೆಗೆ ಮೊದಲ ನಾಲ್ಕು ಕಿರೀಟಗಳನ್ನೂ ಗೆದ್ದಳು. ನಾಲ್ಕರಲ್ಲಿಯೂ ಅಂತಿಮ ಸರಣಿಯ ಅತ್ಯುತ್ತಮಳು ಆಕೆಯೇ. ಬಹುಮಂದಿ ಆಟಗಾರರು ಬಳಲಿ ಬಿಡುವ ವಯಸ್ಸಿನಲ್ಲಿ ಇಷ್ಟನ್ನು ಮಾಡಿದವಳು, ಆ ಮುಂಚಿನ ಹದಿಮೂರು ವರ್ಷಗಳಲ್ಲಿ ಅಲ್ಲಿ ಏನನ್ನು ಮಾಡುತ್ತಿದ್ದಳೋ! ಯಾವ ಪುಸ್ತಕದಲ್ಲಿಯೂ ಆ ಸಂಖ್ಯೆಯಿಲ್ಲ, ಇರುವುದೂ ಸಾಧ್ಯವಿಲ್ಲ. ಸಾಧನೆಯನ್ನು ಅಳೆಯುವಾಗ ಅವಕಾಶವನ್ನು ಮರೆತರೆ ಅಳತೆಯು ಸುಳ್ಳಾಗುವುದು.

ಅಂಕಗಳ ಪುಸ್ತಕಕ್ಕೆ ಹತ್ತದ ಸಾಧನೆಗಳೂ ಉಂಟು. ೧೯೬೧ರಲ್ಲಿ ಕೆಂಟಕಿ ಪ್ರಾಂತದ ಲೆಕ್ಸಿಂಗ್ಟನ್ ಪಟ್ಟಣದಲ್ಲಿ ಪ್ರದರ್ಶನ ಪಂದ್ಯಕ್ಕೆಂದು ಹೋದ ಬಾಸ್ಟನ್ ತಂಡದ ಕಪ್ಪು ಆಟಗಾರರಿಗೆ ಉಪಾಹಾರದ ಶಾಲೆಯಲ್ಲಿ ತಿಂಡಿ ಕೊಡಲು ನಿರಾಕರಿಸಿದರು. ರಸೆಲನೂ ಸಂಗಡಿಗರೂ ಆಡದೆ ಊರಿಗೆ ಹಿಂದಿರುಗಿದರು. ಆಸ್ಕರ್ ರಾಬರ್ಟ್‌ಸನ್ ಎಂಬ ಮಹಾ ಆಟಗಾರನು ೧೯೭೦ರಲ್ಲಿ ಆಟಗಾರರ ಪರವಾಗಿ ಮಂಡಲಿಯ ಮೇಲೆ ದಾವೆ ಹೂಡಿದನು. ೧೯೭೬ರಲ್ಲಿ ಅದು ರಾಜಿಯಾಗಿ, ಒಡಂಬಡಿಕೆ ತೀರಿದ ಆಟಗಾರನು ಬೇರೆ ತಂಡವನ್ನು ಸೇರುವ ಸ್ವಾತಂತ್ರ್ಯಕ್ಕೆ ದಾರಿಯಾಯಿತು. ಜೇಮ್ಸನು ಮೂರು ತಂಡಗಳಲ್ಲಿ ಗೆದ್ದುದು ಆ ದಾರಿಯಲ್ಲಿ ನಡೆದೇ. ಇವನ್ನು ಯಾವ ಕಾಲಮ್ಮಿನಲ್ಲಿ ಬರೆಯೋಣ?

ತಿಂಗಳು ತುಂಬಿತು. ಹುಡುಗರು ತೀರ್ಪಿಗಾಗಿ ಬಂದು ನಿಂತರು. ನಾವು ನಮ್ಮ ಒಲವನ್ನು ಮರೆಮಾಚಲಿಲ್ಲ. "ಒಂದು ಋತುವಿನ ಔನ್ನತ್ಯವನ್ನು ಕೇಳುವಿರಾದರೆ ಜೋರ್ಡನನು, ಬಾಳಿನುದ್ದದ ದುಡಿಮೆಯನ್ನು ಕೇಳುವಿರಾದರೆ ಜೇಮ್ಸನು, ಒಬ್ಬನೇ ಎಷ್ಟನ್ನು ಮಾಡಬಲ್ಲನೆಂದು ಕೇಳುವಿರಾದರೆ ಚೇಂಬರ್ಲೇನನು, ತಾನಿದ್ದುದರಿಂದ ಉಳಿದ ನಾಲ್ವರೂ ದೊಡ್ಡವರಾಗುವಂತೆ ಯಾರು ಮಾಡಿದನೆಂದು ಕೇಳುವಿರಾದರೆ ರಸೆಲನು. ಸಂಸಾರಸ್ಥರಾದ ನಾವು ಕೊನೆಯ ಪ್ರಶ್ನೆಯನ್ನೇ ಹೆಚ್ಚಾಗಿ ಕೇಳತಕ್ಕವರು, ಆದಕಾರಣ ನಮ್ಮ ಮತವು ರಸೆಲನಿಗೆ" ಎಂದೆವು. ಹಿರಿಯವನು ಮುಖವನ್ನು ಸಿಂಡರಿಸಿದನು. ಇಬ್ಬರ ವ್ಯಾಜ್ಯದಲ್ಲಿ ಮೂರನೆಯವನು ಗೆದ್ದುದು ಅವನಿಗೆ ಹಿಡಿಸಲಿಲ್ಲ.

ಕಿರಿಯವನು ಮಾತ್ರ ಸ್ವಲ್ಪ ಹೊತ್ತು ಯೋಚಿಸಿ, "ಹಾಗಾದರೆ ಬರಿಯ ಅಂಕಗಳಿಂದ ಒಬ್ಬನನ್ನು ಅಳೆಯಬಾರದೆಂದಾಯಿತಲ್ಲವೆ?" ಎಂದು ಕೇಳಿದನು. ಹೌದೆಂದೆವು. ಅವನು ಒಳಕ್ಕೆ ಹೋಗಿ, ಶಾಲೆಯಿಂದ ಬಂದು ಎರಡು ದಿನಗಳಾಗಿದ್ದ ತನ್ನ ಅಂಕಪಟ್ಟಿಯನ್ನು ತಂದು ಮೇಜಿನ ಮೇಲಿಟ್ಟನು. ಗಣಿತದಲ್ಲಿ ನೂರಕ್ಕೆ ೪೧.

ಮೊದಲು ನ್ಯಾಯವಾದಿಯ ಜಾಣತನಕ್ಕೆ ನಗು ಬಂದಿತು. ಆ ಬಳಿಕ ನಗು ನಿಂತಿತು. ಎರಡು ದಿನಗಳಿಂದ ಆ ಹಾಳೆಯನ್ನು ಅವನು ಏಕೆ ಬಚ್ಚಿಟ್ಟಿದ್ದನು? ಬಂದ ನಂಟರ ಮುಂದೆ, ಊಟದ ಪಂಕ್ತಿಯಲ್ಲಿ, "ನಿನ್ನ ಅಣ್ಣನನ್ನು ನೋಡಿ ಕಲಿ" ಎಂದು ನಾವು ಎಷ್ಟು ಬಾರಿ ಹೇಳಿದ್ದೇವೆಂಬುದು ನೆನಪಿಗೆ ಬಂದಿತು. ಲೆಕ್ಕ ಇಟ್ಟಿಲ್ಲ, ಇಟ್ಟಿದ್ದರೆ ಅದೂ ಒಂದು ದಾಖಲೆಯಾಗುತ್ತಿತ್ತೇನೊ. ಅಣ್ಣನಿಗೂ ಇದರಿಂದ ಒಳ್ಳೆಯದಾಗಿಲ್ಲ. ಕೆಲವು ದಿನಗಳಿಂದ ತಮ್ಮನು ಅವನಲ್ಲಿ ಲೆಕ್ಕವನ್ನು ಹೇಳಿಸಿಕೊಳ್ಳುವುದನ್ನೇ ಬಿಟ್ಟಿದ್ದಾನೆ. ಅದು ನಮ್ಮ ಕಣ್ಣಿಗೆ ಬಿದ್ದುದು ಆಗಲೇ. ಒಂದೇ ಮೇಜಿನಲ್ಲಿ ಉಣ್ಣುವ ಇಬ್ಬರ ನಡುವೆ ತಕ್ಕಡಿಯನ್ನು ತಂದಿಟ್ಟವರು ಊರಿನವರಲ್ಲ, ನಾವೇ.

ಅಂಕವು ಸುಳ್ಳೆಂದು ನಾವು ಹೇಳುವುದಿಲ್ಲ. ೪೧ ಕಡಮೆಯೇ. ಅದನ್ನು ಕಡಮೆಯೆಂದೇ ಹೇಳಿದೆವು. ಇನ್ನು ಮುಂದೆ ಪ್ರತಿದಿನ ಸಂಜೆ ಅರ್ಧ ಗಂಟೆ ಗಣಿತಕ್ಕೆ ಕೂಡಬೇಕೆಂದೂ ಗೊತ್ತುಮಾಡಿದೆವು. ಅಣ್ಣನ ಹೆಸರನ್ನು ಎತ್ತಲಿಲ್ಲ. ಆ ಸಂಜೆ ಕಿರಿಯವನು ಪುಸ್ತಕವನ್ನು ಹಿಡಿದು ಒಬ್ಬನೇ ಕುಳಿತಿದ್ದನು. ಸ್ವಲ್ಪ ಹೊತ್ತಿನ ಮೇಲೆ ಹಿರಿಯವನು, ಯಾರೂ ಹೇಳದೆಯೇ, ಹೋಗಿ ಪಕ್ಕದಲ್ಲಿ ಕುಳಿತನು. ಒಂದು ಲೆಕ್ಕವಾಯಿತೋ ಎರಡಾಯಿತೋ, ನಮಗೆ ತಿಳಿಯದು. ಒಳಗಿನಿಂದ ಮತ್ತೆ ಜೋರ್ಡನ್, ಜೇಮ್ಸ್ ಎಂಬ ಹೆಸರುಗಳು ಕೇಳಿಬಂದುವು. ನಾವು ಎದ್ದು ಹೋಗಿ ಗದರಿಸಲಿಲ್ಲ.